ಗೊರೇಬಾಳದ ಶೇಖಮ್ಮನ ನೋಡುವ ಮಡಿ

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತೆಂದರೆ ಗೊರೇಬಾಳದ ಸುತ್ತಲಿನ ರೈತರು ಮೊದಲು ಹೋಗಿ ನಿಲ್ಲುವುದು ಶೇಖಮ್ಮನ ಬಾಗಿಲಲ್ಲಿ. ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ಗೊಬ್ಬರ ಸಾಲಕ್ಕಾದರೂ ಸಿಗುತ್ತದೆ, ಶೇಖಮ್ಮನ ನಾಟಿ ಗುಂಪು ಮಾತ್ರ ಮುಂಚೆ ಹೇಳಿಟ್ಟವರಿಗೇ ಸಿಗುವುದು. ಇಪ್ಪತ್ತೆರಡು ಹೆಣ್ಣುಮಕ್ಕಳ ಗುಂಪು ಅದು. ಮೇಸ್ತ್ರಿ ಶೇಖಮ್ಮನೂ ಸೇರಿದರೆ ಇಪ್ಪತ್ತಮೂರು. ಬೇರೆ ಗುಂಪಿನವರು ಸಾಲು ಸೊಟ್ಟಗಾಗಬಾರದೆಂದು ಹಗ್ಗ ಹಿಡಿಯುತ್ತಾರೆ. ಇವರಿಗೆ ಹಗ್ಗ ಬೇಕಿಲ್ಲ. ಎಡ ಅಂಚಿನಲ್ಲಿ ಶೇಖಮ್ಮ ಬಗ್ಗಿ ಮೊದಲ ಸಸಿ ಊರಿದಳೆಂದರೆ ಉಳಿದವರು ಅವಳ ಕೈ ನೋಡಿಕೊಂಡೇ ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ. ಸಂಜೆ ಬದುವಿನ ಮೇಲೆ ನಿಂತು ನೋಡಿದರೆ ಬಾಚಣಿಕೆಯಿಂದ ಬಾಚಿದ ಹಾಗೆ ಕಾಣಬೇಕು. ಹಾಗೆ ಕಾಣದಿದ್ದರೆ ಅವಳಿಗೆ ರಾತ್ರಿ ರೊಟ್ಟಿ ಇಳಿಯುವುದಿಲ್ಲ.

ಈ ಗುಂಪಿಗೆ ಒಂದು ಕಟ್ಟಳೆ ಇತ್ತು. ಹದಿನೈದು ವರ್ಷದ ಹಿಂದೆ ಶೇಖಮ್ಮನೇ ಹಾಕಿದ್ದು. ಹಂಗಾಮಿನ ಮೊದಲ ದಿನ ಸಾಲಿನಲ್ಲಿ ಯಾರ ಜಾಗ ಯಾವುದೆಂದು ಗೊತ್ತು ಮಾಡುತ್ತಾಳೆ. ಅಂಚಿನ ಜಾಗ ಕೈ ಚುರುಕಿನವರಿಗೆ. ಬಲ ಅಂಚಿನ ಜಾಗವೆಂದರೆ ಮೇಸ್ತ್ರಿಯ ನಂತರದ ಮರ್ಯಾದೆ. ಹೊಲದ ಧಣಿ ಎಲೆ ಅಡಿಕೆ ಕೊಡುವಾಗಲೂ ಮೊದಲು ಎರಡು ಅಂಚಿನವರಿಗೆ ಕೊಟ್ಟು ನಂತರ ಒಳಗಿನವರಿಗೆ ಕೊಡುತ್ತಾನೆ. ಯಾರಾದರೂ ತಪ್ಪಿಸಿದರೆ ಮೂರು ದಿನ ಕಾಯುವುದು. ನಾಲ್ಕನೆಯ ದಿನ ಬೆಳಿಗ್ಗೆ ಬಾರದಿದ್ದರೆ ಆ ಜಾಗ ಬೇರೆಯವರಿಗೆ, ಹಂಗಾಮು ಮುಗಿಯುವ ತನಕ. ಮದುವೆ ಇರಲಿ, ಸೂತಕ ಇರಲಿ, ಬಾಣಂತನ ಇರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಒಮ್ಮೆ ತಂಗಿಯ ಮಗಳೇ ತವರಿನಲ್ಲಿ ನಾಲ್ಕು ದಿನ ಕೂತು ಬಂದಾಗ ಅವಳನ್ನೂ ಹೊಲಕ್ಕೆ ಹೋಗುವ ಟೆಂಪೋ ಹತ್ತಗೊಡಲಿಲ್ಲ. ತಂಗಿ ಎರಡು ವರ್ಷ ಮಾತು ಬಿಟ್ಟಿದ್ದಳು. ಬಿಟ್ಟರೆ ಬಿಡಲಿ ಎಂದಳು ಶೇಖಮ್ಮ. ಆ ಕಟ್ಟಳೆಯಿಂದಲೇ ಹದಿನೈದು ವರ್ಷದಲ್ಲಿ ಅವಳ ಗುಂಪು ಹೇಳಿದ ದಿನಕ್ಕೆ ಒಂದು ದಿನವೂ ತಡ ಮಾಡಿರಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಗಳ ತನಕ ಆ ಹೆಸರು ಮುಟ್ಟಿತ್ತು.

ಮೂರು ವರ್ಷದ ಹಿಂದೆ ಶೇಖಮ್ಮನಿಗೇ ಬೇನೆ ಬಂತು. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ದೊಡ್ಡ ಊರಿನ ದವಾಖಾನೆಯಲ್ಲಿ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಎಂದರು. ಐದು ವಾರ, ವಾರಕ್ಕೆ ಐದು ದಿನ, ಇಪ್ಪತ್ತೈದು ಸಲ ಕರೆಂಟ್ ಇಡಬೇಕು, ಆಮೇಲೆ ಒಳಗಿನಿಂದ ಬೇರೆ ಇಡಬೇಕು ಎಂದರು. ವಿಕಿರಣ ಚಿಕಿತ್ಸೆ ಎಂಬುದು ದವಾಖಾನೆಯ ಗೋಡೆಯ ಮೇಲಿನ ಮಾತು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಕರೆಂಟ್. ಹೊಟ್ಟೆಯೊಳಗೆಲ್ಲ ಸುಟ್ಟು ಹೋಗುತ್ತದೆ ಎಂದು ಹೆದರಿಸುವವರು ಹೆದರಿಸಿದರು. ಶೇಖಮ್ಮ ಗುಂಪನ್ನು ಗೆಳತಿ ಬಸವಣ್ಣೆಮ್ಮನ ಕೈಗೆ ಕೊಟ್ಟು, ದವಾಖಾನೆಯ ಧರ್ಮಶಾಲೆಯಲ್ಲಿ ಚಾಪೆ ಹಾಸಿಕೊಂಡು ಎಲ್ಲವನ್ನೂ ಮುಗಿಸಿಕೊಂಡು ಬಂದಳು. ಅಂದಿನಿಂದ ಎಷ್ಟು ಎಕರೆ ನಾಟಿ ಹಚ್ಚಿದೆ ಎಂದು ಹೇಳುವ ದನಿಯಲ್ಲೇ ಇದನ್ನೂ ಹೇಳುತ್ತಿದ್ದಳು.

"ಇಪ್ಪತ್ತೈದರಾಗ ಒಂದೂ ಬಿಟ್ಟಿಲ್ಲ. ನಡುವ ಬಿಟ್ಟು ಓಡಿ ಬರೋರು ಹೇಡಿಗೋಳು."

ಹೋದ ವರ್ಷ ಜೂನ್ ತಿಂಗಳಲ್ಲಿ, ಇನ್ನೂ ಸಸಿಗೆ ಬೀಜ ಚೆಲ್ಲುವ ಮೊದಲು, ಡಾಕ್ಟರ್ ನಾಗವೇಣಿ ಗೊರೇಬಾಳಕ್ಕೆ ಬಂದಳು. ಶೇಖಮ್ಮನಿಗೆ ಕರೆಂಟ್ ಇಟ್ಟ ಡಾಕ್ಟರ್ ಇವಳೇ. ಲಿಂಗಸುಗೂರಿನ ಹುಡುಗಿ. ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡಿ ಓದಿಸಿದವನು. ಕಟ್ಟೆಯ ಮೇಲೆ ಕೂತು ಚಹಾ ಕುಡಿದವಳು ಕೈಚೀಲದಿಂದ ಒಂದು ಕಟ್ಟು ಫಾರಂ ತೆಗೆದಳು.

"ದೊಡ್ಡಮ್ಮ, ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿನಿಂದ ಬರೋ ಹೆಣ್ಣುಮಕ್ಕಳು ಹತ್ತು, ಹನ್ನೆರಡು ಕರೆಂಟ್ ಆದ ಮ್ಯಾಲ ಬಿಟ್ಟು ಹೋಗಾಕತ್ಯಾರ. ಹಂಗ ನಡುವ ಬಿಟ್ರ ಬ್ಯಾನಿ ಮತ್ತ ಬೆಳಿತೈತಿ. ಯಾಕ ಬಿಟ್ರಿ ಅಂತ ಮನಿಮನಿಗೆ ಫಾರಂ ಕಳಿಸಿ ಕೇಳಿಸೀನಿ. ಎಲ್ಲಾರೂ ಒಂದೇ ಉತ್ತರ ಬರಸ್ಯಾರ."

"ಏನಂತ?"

"ಬಸ್ಸಿಗೆ ರೊಕ್ಕ ಇಲ್ಲ ಅಂತ."

ಶೇಖಮ್ಮ ನಗತೊಡಗಿದಳು. ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ಬಸವಣ್ಣೆಮ್ಮನೂ ನಕ್ಕಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿ ಎರಡು ವರ್ಷವಾಗಿತ್ತು.

"ಪುಕ್ಕಟಿ ಬಸ್ಸಿಗೆ ರೊಕ್ಕ ಇಲ್ಲಂದ್ರ ಹೆಂಗವ್ವ," ಎಂದಳು ಬಸವಣ್ಣೆಮ್ಮ. "ಕಂಡಕ್ಟರ್‌ಗೆ ಎಲಿ ಅಡಿಕಿ ತಿನಸಬೇಕಾಗಿತ್ತೇನು?"

"ಅದಕ್ಕ ನಿಮ್ಮ ಕಡೆ ಬಂದೀನಿ," ಎಂದಳು ನಾಗವೇಣಿ. "ಪೇಟೆಯವರು ಬಂದು ಕೇಳಿದ್ರ ಜನ ಯಾರಿಗೂ ಬ್ಯಾಸರ ಆಗದಂಥ ಉತ್ತರ ಕೊಡತಾರ. ಖರೇ ಉತ್ತರ ಬೇಕಾದ್ರ ಇಲ್ಲೇ ಹುಟ್ಟಿದ ಹುಡುಗೀರಿಗೆ ಕಲಿಸಿ, ಅವರನ್ನ ಊರೂರಿಗೆ ಕಳಿಸಬೇಕು. ಕರೆಂಟ್ ಅಂದ್ರ ಏನು, ನಡುವ ಯಾಕ ಬಿಡಬಾರದು ಅನ್ನೋದನ್ನ ಹೇಳಿಸಬೇಕು. ಅದಕ್ಕೊಂದು ನಿಧಿ ಬೇಕು. ಯಂತ್ರಕ್ಕ ದಾನ ಕೊಡೋರು ಅದಾರ, ಕಟ್ಟಡಕ್ಕ ಕೊಡೋರು ಅದಾರ. ಅದರ ಮ್ಯಾಲ ಹೆಸರು ಕೆತ್ತಬಹುದು. ಕಲಿಸೋದಕ್ಕ, ಹುಡುಕೋದಕ್ಕ ಕೊಡೋರಿಲ್ಲ. ಅದರ ಮ್ಯಾಲ ಎಲ್ಲಿ ಹೆಸರು ಕೆತ್ತೋದು?"

ಶೇಖಮ್ಮ ಚಹಾದ ಲೋಟ ಕೆಳಗಿಟ್ಟಳು. ಸಾಲಿನಲ್ಲಿ ಯಾರಾದರೂ ಸೊಂಟ ನೋವೆಂದು ಕೂತರೆ ಅವರ ಪಾಲಿನ ಪಟ್ಟಿಯನ್ನೂ ತಾನೇ ಹಚ್ಚಲು ಎದ್ದು ಬರುವ ಹೆಣ್ಣು ಅದು.

"ನಾ ಕೊಡಸತೀನಿ ಹೋಗು," ಎಂದಳು.

ಹೇಗೆ ಕೊಡಿಸುವುದೆಂದು ಹುಡುಕಲು ಅವಳು ದೂರ ಹೋಗಬೇಕಾಗಿರಲಿಲ್ಲ. ಬದುಗಳ ನಡುವಿನ ಗದ್ದೆಯ ತುಂಡಿಗೆ ಇಲ್ಲಿ ಮಡಿ ಎನ್ನುತ್ತಾರೆ. ಪ್ರತಿ ಮುಂಗಾರಿನಲ್ಲಿ ಗುಂಪಿನವರು ಒಂದು ದಿನ ಕೂಲಿ ಇಲ್ಲದೆ ಮಠದ ಹೆಸರಿನಲ್ಲಿ ಒಂದು ಮಡಿ ಹಚ್ಚುತ್ತಾರೆ. ಹೊಲದವರು ನೀರು, ಗೊಬ್ಬರ ಕೊಡುತ್ತಾರೆ. ಬಂದ ಭತ್ತ ದಾಸೋಹಕ್ಕೆ ಹೋಗುತ್ತದೆ. ಇನ್ನೊಂದು ದಿನ ಕೂಲಿ ಬಿಡಿರಿ ಎಂದರೆ ಹೆಣ್ಣುಮಕ್ಕಳು ಬೈದುಕೊಂಡಾದರೂ ಬಿಡುತ್ತಾರೆ ಎಂಬ ಭರವಸೆ ಅವಳಿಗಿತ್ತು. ಹೊಲ ಬೇಕಿತ್ತು. ಅದಕ್ಕೆ ಸಿಂಧನೂರಿನ ಗಿರಣಿಗೆ ಹೋಗಿ ವಿರೇಶಪ್ಪ ಸಾಹುಕಾರನ ಮುಂದೆ ಕೂತಳು. ಗೊರೇಬಾಳದಲ್ಲಿ ನಲವತ್ತು ಎಕರೆ ಗದ್ದೆ ಅವನದು. ಹಣೆತುಂಬ ವಿಭೂತಿ, ಶ್ರಾವಣ ಪೂರ್ತಿ ಮಠದ ದಾಸೋಹಕ್ಕೆ ಅಕ್ಕಿ ಅವನದೇ.

"ದಾಸೋಹಕ್ಕ ಕೇಳು, ಇಲ್ಲ ಅನ್ನಂಗಿಲ್ಲ," ಎಂದ ವಿರೇಶಪ್ಪ. "ಹಸಿದವರಿಗೆ ಉಣ್ಣಾಕ ಕೊಟ್ರ ಪುಣ್ಯ. ನಿಮ್ಮ ಡಾಕ್ಟರಮ್ಮ ಮನಿಮನಿಗೆ ಹೋಗಿ ಯಾಕ ಬಿಟ್ರಿ, ಯಾಕ ಬಿಟ್ರಿ ಅಂತ ಕೇಳಾಕ ನಾ ಯಾಕ ಕೊಡಲಿ? ಕೇಳಿದ್ರ ಯಾರ ಹೊಟ್ಟಿ ತುಂಬತೈತಿ?"

"ಸಾವ್ಕಾರ್ರೇ, ಬೀಜದ ಅಂಗಡಿ ಮಸ್ತಾನಸಾಬ ಹೋದ ವರ್ಷ ಹೊಸ ತಳಿ ತಂದು ಕೊಟ್ಟಾಗ ನೀವು ಏನು ಮಾಡಿದ್ರಿ?"

"ಕಾಲುವಿ ಬಾಜೂ ಸಣ್ಣ ಮಡಿಯೊಳಗ ಹಾಕಿ ನೋಡಿದೆ."

"ನಲವತ್ತು ಎಕರೆಗೂ ಯಾಕ ಹಾಕಲಿಲ್ಲ?"

"ತಲಿ ಕೆಟ್ಟೈತೇನು ನಿಂಗ? ನೋಡದ ಹಾಕಿದ್ರ ಪೂರಾ ಹೊಲ ಮುಳುಗತಿತ್ತು."

"ಆ ಮಡಿಯ ಭತ್ತ ಯಾರ ಹೊಟ್ಟಿ ತುಂಬಿಸ್ತು?"

ಹೊಸ ತಳಿಗೆ ಬೆಂಕಿರೋಗ ಬಿದ್ದು ಆ ಮಡಿಯಲ್ಲಿ ಬರೀ ಜೊಳ್ಳು ಬಂದಿತ್ತು. ಅದರಿಂದಲೇ ನಲವತ್ತು ಎಕರೆ ಉಳಿದಿತ್ತು.

"ಡಾಕ್ಟರವ್ವ ಕೇಳಾಕತ್ತಿದ್ದೂ ಅಂಥದ ಒಂದು ನೋಡೋ ಮಡಿ ರೀ," ಎಂದಳು ಶೇಖಮ್ಮ. "ಕೋಟಿಗಟ್ಟಲೆ ಯಂತ್ರ ತಂದು ನಿಲ್ಲಿಸ್ಯಾರ. ನಡುವ ಎದ್ದು ಬರೋರು ಯಾಕ ಬರತಾರ ಅಂತ ತಿಳಿಲಿಲ್ಲಂದ್ರ ಆ ಯಂತ್ರ ಪೂರಾ ಜೊಳ್ಳು."

ಸಾಹುಕಾರ ಕಾಲುವೆಯ ಬಾಜೂ ಒಂದೆಕರೆ ಮಡಿ ಕೊಟ್ಟೆ, ನೀರೂ ಗೊಬ್ಬರವೂ ನನ್ನವೇ ಎಂದ. "ವಾದ ಮಾಡಾಕ ನಿನ್ನ ವಕೀಲಗಿ ಮಾಡಬೇಕಾಗಿತ್ತು," ಎಂದೂ ಸೇರಿಸಿದ. ಅವನು ಕೊಟ್ಟದ್ದು ಕೇಳಿ ಇನ್ನಿಬ್ಬರು ರೈತರು ಅರ್ಧರ್ಧ ಎಕರೆ ಕೊಟ್ಟರು. ನಾಟಿಯೆಲ್ಲ ಮುಗಿದ ಮೇಲೆ ಕೊನೆಯ ದಿನ ಆ ಮಡಿಗಳನ್ನು ಹಚ್ಚುವುದೆಂದು ಮಾತಾಯಿತು. ಹೆಣ್ಣುಮಕ್ಕಳು ಅದಕ್ಕೆ ನೋಡೋ ಮಡಿ ಎಂದೇ ಕರೆಯತೊಡಗಿದರು.

ಇಷ್ಟು ಆಗುವ ಹೊತ್ತಿಗೆ ಗುಂಪಿನಲ್ಲೇ ಒಬ್ಬಳು ಬೇನೆ ಬಿದ್ದಳು. ಶಿವಲಿಂಗಮ್ಮ. ಮಸ್ಕಿಯ ಕಡೆಯಿಂದ ಗೊರೇಬಾಳಕ್ಕೆ ಸೊಸೆಯಾಗಿ ಬಂದವಳು, ನಲವತ್ತು ದಾಟಿದವಳು. ಸಾಲಿನ ನಡುವಿನಿಂದ ಒಂದೊಂದೇ ಜಾಗ ದಾಟಿ ಬಲ ಅಂಚಿಗೆ ಬರಲು ಅವಳಿಗೆ ಒಂಬತ್ತು ವರ್ಷ ಹಿಡಿದಿತ್ತು. ಸಸಿಮಡಿಗೆ ನೀರು ಕಟ್ಟುವಾಗ ಅವಳು ಮರೆಯಲ್ಲಿ ಮತ್ತೆ ಮತ್ತೆ ರಕ್ತದ ಬಟ್ಟೆ ಬದಲಿಸುವುದನ್ನು ಕಂಡು ಶೇಖಮ್ಮನಿಗೆ ಅನುಮಾನ ಬಂತು. ಕೈಹಿಡಿದು ಎಳೆದುಕೊಂಡು ದವಾಖಾನೆಗೆ ಹೋದಳು. ಅದೇ ಬೇನೆ. ಜುಲೈನಲ್ಲಿ, ನಾಟಿಗೆ ಇನ್ನೂ ಎರಡು ವಾರವಿರುವಾಗ, ಒಂದು ಸೋಮವಾರ ಶಿವಲಿಂಗಮ್ಮನಿಗೆ ಕರೆಂಟ್ ಶುರುವಾಯಿತು. "ಇನ್ನೂ ಬೆಳೆದಿಲ್ಲ, ಪೂರ್ತಿ ಮಾಡಿಸಿದ್ರ ಗುಣ ಆಗತೈತಿ," ಎಂದಿದ್ದಳು ನಾಗವೇಣಿ. "ನಡುವ ಬಿಟ್ರ ಮಾತ್ರ ನನ್ನ ಕೈಯಾಗ ಏನೂ ಇರಂಗಿಲ್ಲ." ಆ ಮಾತು ಶೇಖಮ್ಮನ ಕಿವಿಯಲ್ಲಿ ಕೂತಿತ್ತು.

ಆಗಸ್ಟ್ ಮೊದಲ ಸೋಮವಾರ ನಾಟಿ ಹಿಡಿದರು. ಅದೇ ವಾರದ ಗುರುವಾರ ಬೆಳಿಗ್ಗೆ ಟೆಂಪೋದ ಹತ್ತಿರ ತಲೆ ಎಣಿಸುತ್ತಿದ್ದ ಶೇಖಮ್ಮನಿಗೆ ಒಂದು ತಲೆ ಹೆಚ್ಚು ಬಂತು. ಎರಡನೆಯ ಸಲ ಎಣಿಸಿದಳು. ಹಿಂದೆ, ಬುತ್ತಿ ಗಂಟು ಬಗಲಲ್ಲಿ ಇಟ್ಟುಕೊಂಡು, ಶಿವಲಿಂಗಮ್ಮ ನಿಂತಿದ್ದಳು.

"ಯಾವಾಗ ಬಂದೆಬೇ?"

"ನಿನ್ನೆ ಸಂಜಿಕ. ಮುಗೀತು ಯಕ್ಕಾ."

"ಏನು ಮುಗೀತು? ಎರಡು ವಾರಕ್ಕ ಹತ್ತು, ಈ ವಾರದ್ದು ಮೂರು. ಹದಿಮೂರು ಆಗ್ಯಾವ. ಇನ್ನ ಹನ್ನೆರಡು ಅದಾವ."

"ರಕ್ತ ಪೂರಾ ನಿಂತೈತಿ. ನೋವಿಲ್ಲ, ಏನಿಲ್ಲ. ಗುಣ ಆದಂಗ ಲೆಕ್ಕ." ಇಷ್ಟು ಹೇಳಿ ಅವಳು ಟೆಂಪೋದ ಹಿಂದಿನ ಹಲಗೆ ಹತ್ತಿ ಕೂತೇಬಿಟ್ಟಳು.

ಎಳೆದು ಇಳಿಸೋಣವೆಂದರೆ ಊರ ಮುಂದಿನ ಕಟ್ಟೆಯ ತುಂಬ ಗಂಡಸರು. ಇಂಥ ಬೇನೆಯ ಮಾತು ಅವರ ಮುಂದೆ ಆಡುವಂಥದ್ದಲ್ಲ. ಹೊಲ ಮುಟ್ಟುವ ತನಕ ಶೇಖಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಗದ್ದೆಗೆ ಇಳಿದು ಎಲ್ಲರೂ ಬಗ್ಗಿದ ಮೇಲೆ, ಎಡ ಅಂಚಿನಿಂದ ಬಲ ಅಂಚಿಗೆ, ನಡುವಿನ ಇಪ್ಪತ್ತೊಂದು ಬೆನ್ನುಗಳ ಮೇಲಿಂದ ಕೂಗಿದಳು.

"ಲೇ ಶಿವಲಿಂಗಿ, ರಕ್ತ ನಿಂತ್ರ ಬ್ಯಾನಿ ನಿಂತಂಗೇನು? ನಂಗೂ ಹತ್ತು ಇಟ್ಟಾಗ ನಿಂತಿತ್ತು. ಮ್ಯಾಲಿನ ಕಸ ಒಣಗೈತಿ, ಬೇರು ಹಂಗ ಐತಿ. ಯಾಕ ಬಂದಿ ಹೇಳು."

"ಬಸ್ಸಿಗೆ ರೊಕ್ಕ ಇರಲಿಲ್ಲ ಯಕ್ಕಾ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಆ ಫಾರಂ ಇಕಿ ಮನಿಗೂ ಬಂದಿತ್ತು ಕಾಣತೈತಿ," ಎಂದಳು ಬಸವಣ್ಣೆಮ್ಮ, ಬಗ್ಗಿದ ಹಾಗೇ.

"ಧರ್ಮಶಾಲೆಯೊಳಗ ಉಣ್ಣಾಕ ಹಾಕಲಿಲ್ಲೇನು?"

"ಹಾಕ್ಯಾರ. ಛಲೋ ಹಾಕ್ಯಾರ."

"ಕರೆಂಟ್‌ಗೆ ಅಂಜಿದೇನು?"

"ಅಂಜಾಕೇನೈತಿ. ಮಲಗಿ ಎದ್ದು ಬರೋದು."

"ಮತ್ತ ಹೇಡಿ ಹಂಗ ಯಾಕ ಓಡಿ ಬಂದಿಬೇ?"

ಶಿವಲಿಂಗಮ್ಮನ ಕೈ ನಿಂತಿತು. ಅವಳು ಸೊಂಟ ನೆಟ್ಟಗೆ ಮಾಡಿ, ಸಸಿಯ ಕಟ್ಟು ಹಿಡಿದುಕೊಂಡೇ ನಿಂತಳು.

"ನಾಟಿ ಯಾವತ್ತು ಹಿಡಿದ್ರಿ ಯಕ್ಕಾ?"

"ಸೋಮವಾರ."

"ಸೋಮವಾರ, ಮಂಗಳವಾರ, ಬುಧವಾರ. ಇವತ್ತು ನಾಕನೇ ದಿನ. ಇವತ್ತು ಬರಲಿಲ್ಲಂದ್ರ ನನ್ನ ಜಾಗ ಯಾರಿಗೆ ಕೊಡತಿದ್ದಿ? ಒಂಬತ್ತು ವರ್ಷ ತಗೊಂಡು ಈ ಅಂಚಿಗೆ ಬಂದೀನಿ ನಾ. ನೀ ಇಪ್ಪತ್ತೈದು ಮುಗಿಸೀನಿ, ಮುಗಿಸೀನಿ ಅಂತಿ. ನೀ ದವಾಖಾನಿಯೊಳಗ ಇದ್ದಾಗ ನಿನ್ನ ಜಾಗ ಯಾರು ತಗೋತಿದ್ರು? ನೀ ಮೇಸ್ತ್ರಿ. ಕಟ್ಟಳೆ ನಮಗ ಐತಿ, ನಿನಗ ಎಲ್ಲೈತಿ?"

ಯಾರೂ ನಗಲಿಲ್ಲ. ಇಪ್ಪತ್ತೊಂದು ಬೆನ್ನುಗಳೂ ಬಗ್ಗಿದ್ದಲ್ಲೇ ನಿಂತವು. ಅವರೆಲ್ಲರಿಗೂ ಇದು ಮೊದಲೇ ಗೊತ್ತಿತ್ತು, ಹೇಳಿದವರಿರಲಿಲ್ಲ. ಶೇಖಮ್ಮ ಬಗ್ಗಿ ಕೆಲಸ ಹಿಡಿದಳು. ಕೈ ಚುರುಕಾಗೇ ಓಡಿತು, ಕಣ್ಣು ಮಾತ್ರ ಎಲ್ಲೋ ಇತ್ತು. ಒಂದು ಮಡಿ ಮುಗಿಸಿ ಬದು ಹತ್ತಿದಾಗ ಬಸವಣ್ಣೆಮ್ಮ ಅವಳ ಭುಜ ಮುಟ್ಟಿ ತೋರಿಸಿದಳು. ಎಡ ಅಂಚಿನ ಸಾಲು ಹಾವು ಹರಿದ ಹಾಗೆ ಸೊಟ್ಟಗಾಗಿತ್ತು. ಇಡೀ ಗುಂಪು ಅದನ್ನು ನೋಡಿಯೇ ನೆಟ್ಟಿತ್ತಾದ್ದರಿಂದ ಮಡಿ ಪೂರ್ತಿ ಸೊಟ್ಟಗಿತ್ತು.

ಶೇಖಮ್ಮ ಅದನ್ನು ನೋಡುತ್ತ ನಿಂತಳು. ಎರಡು ವರ್ಷ ಊರೂರಲ್ಲಿ ಹೇಡಿಗಳೆಂದು ಬೈದದ್ದು ಯಾರನ್ನೆಂದು ಒಬ್ಬೊಬ್ಬರ ಮುಖ ನೆನಪಾಯಿತು. ಪಕ್ಕದ ಊರಿನ ಒಬ್ಬಳು ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಅವಳೂ ಯಾವುದೋ ಗುಂಪಿನ ಸಾಲಿನವಳು. ತನ್ನ ಗಟ್ಟಿತನದಿಂದ ಇಪ್ಪತ್ತೈದು ಮುಗಿಸಿದೆನೆಂದುಕೊಂಡಿದ್ದಳು ಶೇಖಮ್ಮ. ಬಿಟ್ಟು ಬಂದ ಜಾಗ ಬಿಟ್ಟಲ್ಲೇ ಇರುತ್ತದೆಂಬ ಧೈರ್ಯವೂ ಅದರಲ್ಲಿ ಅರ್ಧ ಪಾಲು ಇತ್ತೆಂದು ಅವಳಿಗೆ ಈಗ ತಿಳಿಯಿತು.

"ಎಲ್ಲಾರೂ ಇಲ್ಲಿ ಬರ್ರಿ," ಎಂದಳು. "ಕಟ್ಟಳೆ ಹಾಕಿದಾಕಿ ನಾನು, ತಗೀಯಾಕಿನೂ ನಾನ. ಇವತ್ತಿನಿಂದ ದವಾಖಾನಿಗೆ ಹೋದಾಕಿ ಜಾಗ ಆಕೀದ. ಹತ್ತು ದಿನ ಆಗಲಿ, ಐವತ್ತು ದಿನ ಆಗಲಿ. ಸಾಲಿನೊಳಗ ಆಕಿ ಪಟ್ಟಿ ಖಾಲಿ ಬಿಡ್ರಿ, ಬ್ಯಾರೆ ಯಾರೂ ಅಲ್ಲಿ ನಿಲ್ಲಂಗಿಲ್ಲ."

"ಖಾಲಿ ಪಟ್ಟಿ ಹಚ್ಚೋರು ಯಾರು?" ಎಂದಳು ಬಸವಣ್ಣೆಮ್ಮ. ಅವಳಿಗೆ ಉತ್ತರ ಗೊತ್ತಿತ್ತು, ಎಲ್ಲರ ಮುಂದೆ ಹೇಳಿಸಬೇಕಿತ್ತು.

"ನನ್ನ ಪಟ್ಟಿ ಮುಗಿಸಿ ನಾ ಬಂದು ಹಚ್ಚತೀನಿ."

"ಐವತ್ತೆಂಟು ವರ್ಷದ ಸೊಂಟ ಅದು. ಉಗಾದಿ ತನಕ ಮೇಲೇಳಂಗಿಲ್ಲ," ಎಂದು ಬಸವಣ್ಣೆಮ್ಮ ಸೀರೆಯ ನಿರಿಗೆ ಬಿಗಿದುಕೊಂಡಳು. "ಒಂದೊಂದು ದಿನ ಒಬ್ಬೊಬ್ಬರು ಹಚ್ಚೋಣು. ಇವತ್ತು ನಂದು."

"ಹೇಳಿದ ದಿನಕ್ಕ ಮುಗಿಯಂಗಿಲ್ಲ ಯಕ್ಕಾ," ಎಂದಳು ಇನ್ನೊಬ್ಬಳು. "ನಿನ್ನ ಹೆಸರು?"

"ಹೆಸರು ನಂದಲಾ. ನಾ ನೋಡಿಕೋತೀನಿ."

ಶೇಖಮ್ಮ ಬದುವಿನ ಮೇಲೆಯೇ ನಿಂತು ನಾಗವೇಣಿಗೆ ಫೋನ್ ಹಚ್ಚಿದಳು. ಸಂಜೆ ಏಳರೊಳಗೆ ಮುಟ್ಟಿದರೆ ಇವತ್ತಿನ ಕರೆಂಟ್ ಇವತ್ತೇ ಇಡುತ್ತೇವೆ, ಒಂದು ದಿನವೂ ತಪ್ಪಿದಂತಾಗುವುದಿಲ್ಲ ಎಂದಳು ಡಾಕ್ಟರ್. ಆಗ ಹನ್ನೆರಡೂವರೆ. ರಫೀಕ್ ಎಂಬವನ ಆಟೋ ಕಾಲುವೆಯ ರಸ್ತೆಗೆ ಬಂದು ನಿಲ್ಲುವ ಹೊತ್ತಿಗೆ ಒಂದೂವರೆಯಾಯಿತು. ಮೊಣಕಾಲ ತನಕ ಕೆಸರಿದ್ದ ಶೇಖಮ್ಮ, ಶಿವಲಿಂಗಮ್ಮ ಇಬ್ಬರನ್ನೂ ನೋಡಿ ಅವನು ಸೀಟಿನ ಮೇಲೆ ಗೋಣಿಚೀಲ ಹಾಸಿದ.

"ಹಚ್ಚೋ ಸಸಿ ಗದ್ದಿಯಾಗ ಬಿಟ್ಟು ಕೆಸರು ನನ್ನ ಗಾಡಿಯೊಳಗ ತಂದೀರಲ್ಲ ಬೇ."

"ಬಸ್‌ಸ್ಟ್ಯಾಂಡ್ ಮುಟ್ಟಿಸು, ನಿನ್ನ ಗಾಡಿಯೊಳಗನೂ ಎರಡು ಸಾಲು ಹಚ್ಚತೀನಿ," ಎಂದಳು ಶೇಖಮ್ಮ.

ಸಿಂಧನೂರಿನಲ್ಲಿ ಬಸ್ಸು ಹೊರಡುತ್ತಿತ್ತು. ಓಡಿ ಹತ್ತಿದರು. ದಾರಿಯಲ್ಲಿ ಒಂದು ಕಡೆ ಭತ್ತದ ಲಾರಿ ಕೆಟ್ಟು ನಿಂತು ಮುಕ್ಕಾಲು ತಾಸು ಬಸ್ಸು ಅಲುಗಲಿಲ್ಲ. ಶಿವಲಿಂಗಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. "ಎಲ್ಲಾರ ಮುಂದ ಅಂದೆ. ಅನ್ನಬಾರದಿತ್ತು," ಎಂದಳು.

"ಮೊದಲ ಅನ್ನಬೇಕಾಗಿತ್ತು," ಎಂದಳು ಶೇಖಮ್ಮ. "ಬುತ್ತಿ ಬಿಚ್ಚು. ಹಸಿವಾಗೈತಿ."

ದವಾಖಾನೆ ಮುಟ್ಟಿದಾಗ ಆರೂವರೆ ದಾಟಿತ್ತು. ಯಂತ್ರದ ಕೋಣೆಯ ಹುಡುಗಿ ಕಾಯುತ್ತಿದ್ದಳು. ಶಿವಲಿಂಗಮ್ಮ ಕಾಲು ತೊಳೆದುಕೊಂಡು ಒಳಗೆ ಹೋದಳು. ಹದಿನಾಲ್ಕನೆಯದು ಅಂದೇ ಆಯಿತು.

ಹೊರಗಿನ ಬೆಂಚಿನ ಮೇಲೆ ನಾಗವೇಣಿ ಬಂದು ಕೂತಳು. ಶೇಖಮ್ಮ ಅವಳ ಕೈಯಿಂದ ಒಂದು ಫಾರಂ ತೆಗೆಸಿದಳು.

"ಬರಕೋ. ಸಾಲಿನ ಜಾಗ ಹೋಗತೈತಿ ಅಂತ ಬಂದಿದ್ಲು. ಕಟ್ಟಳೆ ಹಾಕಿದಾಕಿ ಗೊರೇಬಾಳದ ಶೇಖಮ್ಮ."

"ಇದರಾಗ ಹೆಸರು ಬರಿಯಂಗಿಲ್ಲ ದೊಡ್ಡಮ್ಮ."

"ತಪ್ಪು ನಂದು, ಹೆಸರು ಯಾಕ ಬ್ಯಾಡ? ಬರಿ."

ನಾಗವೇಣಿ ಬರೆದಳು. ಅಷ್ಟೂ ಫಾರಂಗಳಲ್ಲಿ ಬಸ್ಸಿನ ಮಾತಿಲ್ಲದ ಮೊದಲ ಫಾರಂ ಅದಾಯಿತು.

ಆ ಸಲ ಶೇಖಮ್ಮನ ಗುಂಪು ವಿರೇಶಪ್ಪನ ಹೊಲ ಮುಗಿಸಲು ಹೇಳಿದ್ದಕ್ಕಿಂತ ಎರಡು ದಿನ ಹೆಚ್ಚು ತೆಗೆದುಕೊಂಡಿತು. ಸಾಹುಕಾರ ತಾನೇ ಬದುವಿನ ಮೇಲೆ ಬಂದು ನಿಂತ. ನಿನ್ನ ಗುಂಪು ತಡ ಆದದ್ದು ಇದೇ ಮೊದಲು ಎಂದ. ಹೌದ್ರಿ ಎಂದಳು ಅವಳು, ಕಾರಣ ಹೇಳಿದಳು, ಕ್ಷಮೆ ಕೇಳಲಿಲ್ಲ. ಸಾಹುಕಾರ ಸಾಲಿನಲ್ಲಿ ಬಲ ಅಂಚಿನ ಖಾಲಿ ಪಟ್ಟಿಯನ್ನು, ಅಂದಿನ ಪಾಳಿಯವಳು ಹಿಂದಿನಿಂದ ಬಂದು ಅದನ್ನು ಹಚ್ಚುವುದನ್ನು ಸಂಜೆಯ ತನಕ ನೋಡಿದ. ಎಲೆ ಅಡಿಕೆ ಹಂಚುವಾಗ ಬಲ ಅಂಚಿನ ಪಾಲನ್ನು ಬೇರೆ ತೆಗೆದು ಶೇಖಮ್ಮನ ಕೈಗಿಟ್ಟು, "ದವಾಖಾನಿಗೆ ಕಳಿಸು," ಎಂದು ಹೊರಟುಹೋದ. ಇಬ್ಬರು ರೈತರು ಮಾತ್ರ ಮುಂದಿನ ಬೆಳೆಗೆ ಬೇರೆ ಗುಂಪು ಹೇಳಿಕೊಂಡರು. ಶೇಖಮ್ಮನಿಗೆ ಅದು ಮನಸ್ಸಿಗೆ ಹತ್ತಿತು, ಆದರೂ ಯಾರ ಹತ್ತಿರವೂ ತಗಾದೆ ಮಾಡಲಿಲ್ಲ.

ನಾಟಿಯ ಕೊನೆಯ ದಿನ ನೋಡೋ ಮಡಿಗಳನ್ನು ಹಚ್ಚಿದರು. ಡಿಸೆಂಬರಿನಲ್ಲಿ ಕೊಯ್ದಾಗ ಭತ್ತ ಮೂರು ಟ್ರ್ಯಾಕ್ಟರ್ ತುಂಬಿತು. ವಿರೇಶಪ್ಪ ಪೇಟೆಯ ದರಕ್ಕಿಂತ ಜರಾ ಮೇಲೆಯೇ ಕೊಂಡು, ಆ ರೊಕ್ಕವನ್ನೆಲ್ಲ ದವಾಖಾನೆಯ ಕಲಿಕೆಯ ನಿಧಿಗೆ ಕಳಿಸಿದ. ಅದರಲ್ಲಿ ಮಸ್ಕಿಯ ಜಯಶ್ರೀ, ಲಿಂಗಸುಗೂರಿನ ಶಿವಕುಮಾರಿ ಎಂಬ ಇಬ್ಬರು ಹುಡುಗಿಯರು ಕೆಲಸ ಕಲಿತರು. ಅವರು ಫಾರಂ ಹಿಡಿದು ಬಾಗಿಲಲ್ಲಿ ನಿಲ್ಲಲಿಲ್ಲ. ಹತ್ತಿ ಬಿಡಿಸುವಲ್ಲಿ, ಮೆಣಸಿನಕಾಯಿ ಹರಿಯುವಲ್ಲಿ ಜೊತೆಗೆ ಕೂತು ಕೆಲಸ ಮಾಡುತ್ತ, ದವಾಖಾನೆಗೆ ಹೋದರೆ ಯಾರ ಜಾಗಕ್ಕೆ ಯಾರು ಬರುತ್ತಾರೆಂದು ಕೇಳಿದರು. ಹಾಗೆ ಕೇಳಿದಾಗ ಉತ್ತರಗಳು ತಾವಾಗಿ ಬಂದವು. ಒಬ್ಬಳಿಗೆ ಹತ್ತಿಯ ಗುಂಪಿನ ಜಾಗ, ಒಬ್ಬಳಿಗೆ ಖಾನಾವಳಿಯ ರೊಟ್ಟಿ ಒಲೆಯ ಜಾಗ. ರಕ್ತ ನಿಂತ ಕೂಡಲೇ ಗುಣವಾಯಿತೆಂದು ನಂಬಲು ಎಲ್ಲರಿಗೂ ಹೀಗೆ ಒಂದೊಂದು ಕಾರಣವಿತ್ತು.

ಶಿವಲಿಂಗಮ್ಮ ಇಪ್ಪತ್ತೈದೂ ಮುಗಿಸಿ, ಒಳಗಿನ ಕರೆಂಟ್ ಮೂರು ಸಲ ಇಡಿಸಿಕೊಂಡು ಬಂದಿದ್ದಳು. ಮೂರು ತಿಂಗಳ ಮೇಲೆ ತಪಾಸಣೆ ಮಾಡಿ ನಾಗವೇಣಿ, "ಗಡ್ಡೆ ಪೂರಾ ಕರಗೈತಿ, ಏನೂ ಉಳಿದಿಲ್ಲ. ಐದು ವರ್ಷ ನಿಗಾ ಇಟ್ಟು ನೋಡತಿರೋಣು," ಎಂದಳು. ದವಾಖಾನೆಯ ಮೆಟ್ಟಿಲ ಮೇಲೆ ಕೂತು ಶಿವಲಿಂಗಮ್ಮ ಬಹಳ ಹೊತ್ತು ಅತ್ತಳು. ಶೇಖಮ್ಮ ಪಕ್ಕದಲ್ಲಿ ಕೂತು ಅವಳು ಮುಗಿಸುವ ತನಕ ಕಾದಳು.

ಜನವರಿಯಲ್ಲಿ, ಎರಡನೆಯ ಬೆಳೆಯ ನಾಟಿಗೆ ಮುಂಚೆ, ಮಸ್ಕಿಯ ಒಂದು ಶಾಲೆಯಲ್ಲಿ ಮೂರೂ ತಾಲೂಕಿನ ಗುಂಪುಗಳ ಮೇಸ್ತ್ರಿಗಳನ್ನು ಕರೆಸಿದರು. ಮೂವತ್ತು ಮಂದಿ ಬಂದಿದ್ದರು, ಬಹಳಷ್ಟು ಹೆಣ್ಣುಮಕ್ಕಳು. ನಾಗವೇಣಿ ಹಲಗೆಯ ಮೇಲೆ ಚಿತ್ರ ಬರೆದು ಕರೆಂಟ್ ಎಂದರೇನು, ಹತ್ತಕ್ಕೆ ರಕ್ತ ನಿಂತರೂ ಇಪ್ಪತ್ತೈದು ಯಾಕೆ ಬೇಕು ಎಂದು ಹೇಳಿದಳು. ಅರ್ಧ ಜನ ಆಕಳಿಸಿದರು. ನಂತರ ಶೇಖಮ್ಮ ಎದ್ದಳು. ತನ್ನ ಕಟ್ಟಳೆ, ಹದಿನೈದು ವರ್ಷದ ಹೆಸರು, ನಾಲ್ಕನೆಯ ದಿನದ ಬೆಳಿಗ್ಗೆ, ಸೊಟ್ಟಗಾದ ಸಾಲು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಆಕಳಿಕೆ ನಿಂತಿತು. ತಪ್ಪು ಹೇಳಿಕೊಳ್ಳುವಾಗಲೂ ಅವಳ ಕತ್ತು ನೆಟ್ಟಗೇ ಇತ್ತು.

ಲಿಂಗಸುಗೂರಿನ ಕಡೆಯ ಹತ್ತಿ ಗುಂಪಿನ ಮೇಸ್ತ್ರಿಯೊಬ್ಬಳು, ದಪ್ಪ ದನಿಯ ಹೆಂಗಸು, ಕೂತಲ್ಲಿಂದಲೇ ಕೇಳಿದಳು: "ನಿಮಗ ನಲವತ್ತು ಎಕರೆ ಸಾವ್ಕಾರ ಅದಾನ, ತಡ ಆದ್ರ ಎಲಿ ಅಡಿಕಿ ಕಳಸತಾನ. ನಮ್ಮವರು ಬಾಯಿಗೆ ಬಂದಂಗ ಬೈತಾರ. ಜಾಗ ಖಾಲಿ ಇಟ್ಟು ನಾವು ಹೊಟ್ಟಿಗೆ ಏನು ತಿನ್ನೋಣು?"

"ನಂಗೂ ಇಬ್ಬರು ಗಿರಾಕಿ ಹೋಗ್ಯಾರವ್ವ," ಎಂದಳು ಶೇಖಮ್ಮ. "ಇನ್ನೂ ಹೋದ್ರ ಹೋಗಲಿ. ಹೋದ ಗಿರಾಕಿ ಮತ್ತ ಬಂದಾರು. ಬೈಸಿಕೊಳ್ಳಾಕ ನಾವು ಮೇಸ್ತ್ರಿ ಆಗೀವಿ, ಬೈಸಿಕೊಳ್ಳೋಣು. ಬೆನ್ನು ಗಟ್ಟಿ ಅದಾವ ನಮ್ಮವು."

ಸಭೆ ಮುಗಿದು ಜನ ಚಹಾದ ಕಡೆ ಹೋದ ಮೇಲೆ, ಆ ಹೆಂಗಸು ಕೊಠಡಿಯ ಮೂಲೆಯಲ್ಲಿ ಶೇಖಮ್ಮನ ಸೀರೆಯ ಸೆರಗು ಹಿಡಿದು ನಿಲ್ಲಿಸಿದಳು. ಅವಳ ದಪ್ಪ ದನಿ ಈಗ ಪಿಸುಮಾತಾಗಿತ್ತು.

"ನನ್ನ ಗುಂಪಿನಾಕಿ ಒಬ್ಬಾಕಿ ಹನ್ನೊಂದು ಕರೆಂಟ್‌ಗೆ ಬಿಟ್ಟು ಬಂದಾಳ. ನಾಕು ದಿನ ಆತು. ನಿನ್ನೆ ಹೊಲಕ್ಕ ಬಂದಿದ್ಲು. ಛಲೋ ಆತು ಬಂದ್ಯಲ್ಲ ಅಂದೆ ನಾನು."

ಶೇಖಮ್ಮ ಅವಳನ್ನು ಬೈಯಲಿಲ್ಲ. ಬಾಗಿಲಿಗೆ ಬಂದು, ತನ್ನನ್ನು ಕರೆತಂದು ಮರದ ಕೆಳಗೆ ಆಟೋದಲ್ಲಿ ನಿದ್ದೆ ಮಾಡುತ್ತಿದ್ದ ರಫೀಕನನ್ನು ಕೂಗಿ ಎಬ್ಬಿಸಿದಳು. ನಾಗವೇಣಿಗೆ ಚಹಾ ಬಿಟ್ಟು ಬಾ ಎಂದು ಕೈಸನ್ನೆ ಮಾಡಿದಳು. ಹತ್ತಿ ಗುಂಪಿನ ಮೇಸ್ತ್ರಿಯನ್ನು ಮೊದಲು ಆಟೋದೊಳಗೆ ಕೂರಿಸಿ, ತಾನು ಅವಳ ಪಕ್ಕದಲ್ಲಿ ಒತ್ತಿ ಕೂತಳು.

"ಆಕಿ ಜಾಗ ಆಕೀದ ಅಂತ ಆಕಿ ಮುಂದ ನೀನ ಹೇಳಬೇಕು. ನಾ ಹೇಳಿದ್ರ ನಡಿಯಂಗಿಲ್ಲ," ಎಂದಳು. "ಈಗ ಊರು ಯಾವುದು, ದಾರಿ ತೋರಸು."